ಶನಿವಾರದ ಗಂಟು

ದೊಡ್ಡಮ್ಮ ಬೆಡ್‌ಶೀಟ್ ಮಡಚುವಾಗ ಇನ್ನೊಂದು ತುದಿಯನ್ನು ಯಾರ ಕೈಗೂ ಕೊಡುವುದಿಲ್ಲ. ಅದನ್ನು ಬಾಗಿಲಿನ ಸಂದಿಯಲ್ಲಿಟ್ಟು ಬಾಗಿಲು ಒತ್ತುತ್ತಾಳೆ. ಈ ತುದಿ ಹಿಡಿದು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗುತ್ತಾಳೆ, ಎಳೆದು ನೆಟ್ಟಗೆ ಮಾಡುತ್ತಾಳೆ, ನಾಲ್ಕು ಹೆಜ್ಜೆ ಮುಂದಕ್ಕೆ ಬರುತ್ತಾಳೆ. ನಾವು ಚಿಕ್ಕವರಿದ್ದಾಗ, ನಾನು ಹಿಡೀತೀನಿ, ನಾನು ಹಿಡೀತೀನಿ ಅಂತ ಅವಳ ಮಗಳೂ ನಾನೂ ಓಡಿಹೋದರೆ, ಬಾಗಿಲು ಸಾಕು, ಅದು ಮಾತಾಡಲ್ಲ ಅನ್ನುತ್ತಿದ್ದಳು. ನಮಗೆ ನಗು ಬರುತ್ತಿತ್ತು. ಅವಳು ನಗುತ್ತಿರಲಿಲ್ಲ.

ಕಾರಣ ಹೇಳಿದ್ದು ಬಹಳ ವರ್ಷಗಳ ಮೇಲೆ. ಗೆಳತಿಯೊಬ್ಬಳ ಜಗಳವನ್ನು ತಲೆಗೇರಿಸಿಕೊಂಡು ಬಂದು ನಾನು ಊಟದ ತಟ್ಟೆ ಎಸೆದ ದಿನ. ದೊಡ್ಡಮ್ಮ ಬೈಯಲಿಲ್ಲ. ತಟ್ಟೆ ಎತ್ತಿ, ತೊಳೆದಿಟ್ಟು, ಕೈ ಒರೆಸಿಕೊಂಡು, ಕೂತ್ಕೋ ಅಂದಳು.

ಅವಳು ಕೆಲಸ ಮಾಡುತ್ತಿದ್ದುದು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ. ಅದು ನೆಲಮಾಳಿಗೆ. ಮೇಲಿದ್ದ ಉದ್ದನೆಯ ಕಿಟಕಿಗಳಲ್ಲಿ ರಸ್ತೆಯ ಜನರ ಪಾದಗಳು ಮಾತ್ರ ಕಾಣುತ್ತಿದ್ದವು. ಗೋಡೆಗುಂಟ ಒಗೆಯುವ ಯಂತ್ರಗಳು, ಚಾವಣಿಯ ತುಂಬ ಹಬೆಯ ಕೊಳವೆಗಳು, ನಡುವೆ ಇಸ್ತ್ರಿ ರೋಲರ್. ಎರಡು ಮಂಚ ಜೋಡಿಸಿದಷ್ಟು ಅಗಲದ, ಕಾದು ತಿರುಗುವ ದೊಡ್ಡ ಕೊಳವೆ ಅದು. ಮುಂದೆ ಒಬ್ಬಳು ನಿಂತು ಒದ್ದೆ ಶೀಟಿನ ಅಂಚನ್ನು ಅದರ ಬಾಯಿಗೆ ಕೊಡಬೇಕು. ಹಿಂದೆ ಇಬ್ಬರು, ಹಬೆಯಾಡುತ್ತ ಹೊರಬರುವ ಶೀಟನ್ನು ಹಿಡಿದು ಮಡಚಬೇಕು. ಹಿಂದಿನ ಇಬ್ಬರಿಗೆ ಜೋಡಿ ಅನ್ನುತ್ತಿದ್ದರು. ಜೋಡಿ ನಾಲ್ಕು ಹೆಜ್ಜೆ ದೂರ ಹೋಗುತ್ತದೆ, ಎಳೆಯುತ್ತದೆ, ನಾಲ್ಕು ಹೆಜ್ಜೆ ಹತ್ತಿರ ಬರುತ್ತದೆ, ಅಂಚಿಗೆ ಅಂಚು ಸೇರಿಸುತ್ತದೆ. ದಿನಕ್ಕೆ ಎಂಟುನೂರು ಸಲ. ಎದುರಿನವಳು ಎಳೆದಷ್ಟೇ ನೀನೂ ಎಳೆಯಬೇಕು, ಅವಳು ಬಂದಷ್ಟೇ ನೀನೂ ಬರಬೇಕು. ಇಲ್ಲದಿದ್ದರೆ ಶೀಟು ಸೊಟ್ಟ.

ಹನ್ನೊಂದು ವರ್ಷ ದೊಡ್ಡಮ್ಮನ ಎದುರಿಗೆ ನಿಂತವಳು ಹತ್ತಿಯಕ್ಕ. ತಲೆ ಪೂರ್ತಿ ಬೆಳ್ಳಗಾಗಿ ಹತ್ತಿಯ ಹಾಗೆ ಹರಡಿಕೊಂಡಿತ್ತು, ಅದಕ್ಕೇ ಆ ಹೆಸರು. ಅಂಜುಬುರುಕಿ. ಮಾತು ಮೆಲ್ಲಗೆ, ತಮಾಷೆಯೂ ಮೆಲ್ಲಗೆ. ದೊಡ್ಡ ಡಾಕ್ಟರರ ವಿಶ್ರಾಂತಿ ಕೋಣೆಯ ಶೀಟು ಬಂದರೆ, ಇವರೂ ನಮ್ಮ ಹಾಗೇ ಬೆವರ್ತಾರೆ ಕಣೇ, ಯಾರಿಗೂ ಹೇಳ್ಬೇಡ ಅನ್ನುತ್ತಿದ್ದಳು. ಅವಳು ಎಳೆಯುವುದು ಹಗುರ. ದೊಡ್ಡಮ್ಮನ ಕೈಯೂ ಹಗುರವಾಗಿತ್ತು. ಆ ವರ್ಷಗಳಲ್ಲಿ ಮನೆಯಲ್ಲಿ ಅವಳ ದನಿ ಎತ್ತರಕ್ಕೆ ಹೋದದ್ದು ಯಾರಿಗೂ ನೆನಪಿಲ್ಲ.

ಒಂದು ದಿನ ಮೇಸ್ತ್ರಿ ಹತ್ತಿಯಕ್ಕನನ್ನು ರೋಲರಿನ ಮುಂದಕ್ಕೆ ಹಾಕಿದ. ಶೀಟು ಕೊಡುವ ಕೆಲಸ, ಸ್ಟೂಲಿನ ಮೇಲೆ ಕೂತು ಮಾಡಬಹುದು. ಯಾಕೆಂದು ಅವನು ಹೇಳಲಿಲ್ಲ, ಹತ್ತಿಯಕ್ಕನೂ ಹೇಳಲಿಲ್ಲ. ದೊಡ್ಡಮ್ಮನ ಎದುರಿಗೆ ಹೊಸ ಜೋಡಿ ಬಂದು ನಿಂತಳು. ಅವಳಿಗೆ ಎಲ್ಲರೂ ಬೆನ್ನ ಹಿಂದೆ ಕಿಡಿ ಅನ್ನುತ್ತಿದ್ದರು.

ಕಿಡಿ ಮೊದಲ ಶೀಟನ್ನು ಎಳೆದದ್ದು ಫಟ್ ಎಂದು. ದೊಡ್ಡಮ್ಮನ ಬೆರಳಿನಿಂದ ಅಂಚು ಜಾರಿ ನೆಲಕ್ಕೆ ಬಿತ್ತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ದೊಡ್ಡಮ್ಮ ಬಿಗಿಯಾಗಿ ಹಿಡಿದಳು. ಬಿಗಿಯಾಗಿ ಹಿಡಿದರೆ ತಾನೂ ಎಳೆಯಲೇಬೇಕು. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆಯಿಂದ ಫಟ್ ಅನ್ನುತ್ತಿತ್ತು.

ಕಿಡಿ ಕೆಟ್ಟವಳು ಎಂದು ದೊಡ್ಡಮ್ಮ ಇವತ್ತಿಗೂ ಹೇಳುವುದಿಲ್ಲ. ಜ್ವರ ಬಂದವರ ಪಾಳಿಯನ್ನು ತಾನೇ ಮಾಡುತ್ತಿದ್ದಳು. ತಡವಾಯಿತೆಂದು ಮೇಸ್ತ್ರಿ ದೊಡ್ಡಮ್ಮನ ಮೇಲೆ ರೇಗಿದ ದಿನ, ಅವಳು ಶೀಟು ಕೆಳಗಿಟ್ಟು, ಮೊದಲು ನಿಮಗೂ ನಿಮ್ಮ ಗಡಿಯಾರಕ್ಕೂ ಕಣ್ಣು ಪರೀಕ್ಷೆ ಮಾಡಿಸಿ ಅಂದಿದ್ದಳು. ಇಡೀ ಲಾಂಡ್ರಿ ನಕ್ಕಿತ್ತು. ತನ್ನ ಪರವಾಗಿ ಯಾರೋ ಜಗಳ ಆಡಿದ್ದು ದೊಡ್ಡಮ್ಮನಿಗೆ ಜೀವನದಲ್ಲಿ ಅದೇ ಮೊದಲು. ಮನೆಗೆ ಬರುವಾಗ ಮೈಯೆಲ್ಲ ಬೆಚ್ಚಗಿತ್ತಂತೆ.

ಆಮೇಲೆ ಕಿಡಿ ಮಾತಾಡತೊಡಗಿದಳು. ನಾಲ್ಕು ಹೆಜ್ಜೆ ಹತ್ತಿರ ಬಂದು ಅಂಚು ಸೇರಿಸುವ ಆ ಒಂದು ಕ್ಷಣಕ್ಕೆ ಒಂದೊಂದು ಮಾತು. ಹತ್ತಿರ ಬಂದಾಗ ಅರ್ಧ, ಮುಂದಿನ ಶೀಟಿಗೆ ಇನ್ನರ್ಧ. ನಿನ್ನ ಹತ್ತಿಯಕ್ಕ ತಾನಾಗೇ ಕೇಳಿ ಹೋದಳಂತೆ, ಗೊತ್ತಾ. ಮೇಸ್ತ್ರಿ ಹತ್ತಿರ ಹೋಗಿ ಕೇಳಿದಳಂತೆ. ನಿನ್ನ ಜೊತೆ ಆಗಲ್ಲ ಅಂದಳಂತೆ. ಹನ್ನೊಂದು ವರ್ಷ. ನಾನಾಗಿದ್ರೆ ಅವಳ ಮುಖ ನೋಡ್ತಿರಲಿಲ್ಲ.

ದೊಡ್ಡಮ್ಮ ಹತ್ತಿಯಕ್ಕನನ್ನೇ ಕೇಳಬಹುದಿತ್ತು. ಹದಿನೈದು ಹೆಜ್ಜೆ ದೂರ. ರೋಲರಿನ ಮೇಲಿನ ತಗಡಿನ ಸಂದಿನಲ್ಲಿ ಹತ್ತಿಯಕ್ಕ ಶೀಟು ಎತ್ತುವಾಗ ಅವಳ ಎರಡು ಕೈ ಕಾಣುತ್ತಿದ್ದವು, ಅಷ್ಟೇ. ಮುಖ ಕಾಣುತ್ತಿರಲಿಲ್ಲ. ಮುಖ ಕಾಣಿಸದವರ ಮೇಲೆ ಕೋಪ ಮಾಡಿಕೊಳ್ಳೋದು ಸಲೀಸು ಅಂದಳು ದೊಡ್ಡಮ್ಮ.

ಅವಳ ಅಪ್ಪ, ನನ್ನ ತಾತ, ಚರ್ಚಿನ ಭಾನುವಾರದ ಸಭೆಯಲ್ಲಿ ದೇವರ ವಾಕ್ಯ ಓದುವವರು. ಓದಿದ್ದನ್ನು ಮನೆಗೆ ಬಂದು ಮಕ್ಕಳಿಗೆ ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಲೋಕದ ಮೊದಲ ಅಣ್ಣತಮ್ಮಂದಿರ ಕಥೆಯಲ್ಲಿ, ಅಣ್ಣ ತಮ್ಮನನ್ನು ಹೊಲದಲ್ಲಿ ಕೊಲ್ಲುವ ಮುನ್ನ ನಿಲ್ಲಿಸುತ್ತಿದ್ದರಂತೆ. ಅಣ್ಣನ ಮುಖ ಬಾಡಿದೆ. ಯಾಕೆ ಕೋಪ ಎಂದು ದೇವರೇ ಕೇಳುತ್ತಿದ್ದಾನೆ. ಬಾಗಿಲ ಹೊರಗೆ ಏನೋ ಒಂದು ಮುದುರಿ ಮಲಗಿ ಕಾಯುತ್ತಿದೆ, ಒಳಗೆ ಬಿಡುವುದು ಬಿಡದಿರುವುದು ಇನ್ನೂ ಆ ಅಣ್ಣನ ಕೈಯಲ್ಲಿದೆ. ಆ "ಇನ್ನೂ" ಅನ್ನುವುದನ್ನು ತಾತ ಒತ್ತಿ ಹೇಳುತ್ತಿದ್ದರು. ಮಕ್ಕಳೆಲ್ಲ ತಿರುಗಿ ಬಾಗಿಲು ನೋಡುತ್ತಿದ್ದರು. ಇನ್ನು ಮುಂಗೋಪಿಗಳ ಸಹವಾಸ ಬೇಡ ಅನ್ನುವ ಭಾಗ ಬಂದರೆ ಕಥೆಯೇ ಇಲ್ಲ. ಇಬ್ಬರು ಮಕ್ಕಳ ಕೈ ಹಿಡಿಸಿ ಗೇಟಿನವರೆಗೆ ನಡೆಸುತ್ತಿದ್ದರು. ಒಬ್ಬನ ಹೆಜ್ಜೆ ಉದ್ದ, ಒಬ್ಬಳದು ಗಿಡ್ಡ. ಗೇಟು ಬರುವಷ್ಟರಲ್ಲಿ ಎರಡೂ ಒಂದೇ. ಯಾರು ಯಾರನ್ನ ಬದಲಾಯಿಸಿದ್ರಿ ಎಂದು ತಾತ ಕೇಳಿದರೆ ಇಬ್ಬರಿಗೂ ಗೊತ್ತಿರುತ್ತಿರಲಿಲ್ಲ.

ದೊಡ್ಡಮ್ಮನಿಗೂ ಗೊತ್ತಾಗಲಿಲ್ಲ. ದೊಡ್ಡಪ್ಪ ಮೊದಲು ತಮಾಷೆಗೆ ಹೇಳಿದರು, ಈಚೆಗೆ ನೀನು ಪಾತ್ರೆ ಇಡೋದಲ್ಲ, ಪಾತ್ರೆಗೆ ಹೊಡೀತೀಯ ಅಂತ. ಆಮೇಲೆ ತಮಾಷೆ ನಿಲ್ಲಿಸಿದರು. ಒಂದು ಬೆಳಿಗ್ಗೆ ಮಗಳಿಗೆ ತಲೆ ಬಾಚುವಾಗ ಸಿಕ್ಕು ಬಂತು. ದೊಡ್ಡಮ್ಮ ಎಳೆದಳು. ಶೀಟು ಎಳೆದ ಹಾಗೆ ಎಳೆದಳು. ಮಗಳು ಅಳಲಿಲ್ಲ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, ಮೆಲ್ಲಗೆ ಸರಿದು ಗೋಡೆಗೆ ಬೆನ್ನು ಕೊಟ್ಟು ಕೂತಳು. ಆವತ್ತು ದೊಡ್ಡಮ್ಮ ಕೆಲಸಕ್ಕೆ ಹೋಗುವ ದಾರಿಯಲ್ಲಿ, ಮೇಸ್ತ್ರಿಗೆ ಹೇಳಿ ಜೋಡಿ ಬದಲಾಯಿಸಿಕೊಳ್ಳಬೇಕು ಎಂದುಕೊಂಡಳು. ಲಾಂಡ್ರಿಯ ಬಾಗಿಲಲ್ಲಿ ಕಿಡಿ ಕಾಯುತ್ತಿದ್ದಳು. ಯಾಕೆ ಮುಖ ಹೀಗಿದೆ, ಯಾರೇನಂದ್ರು, ಹೇಳು ನಂಗೆ ಎಂದು ತೋಳು ಹಿಡಿದಳು. ದೊಡ್ಡಮ್ಮ ಕೇಳಬೇಕೆಂದಿದ್ದನ್ನು ಕೇಳಲಿಲ್ಲ.

ರೋಲರಿನ ಮುಂದೆ, ಎದೆಯ ಎತ್ತರಕ್ಕೆ, ಈ ತುದಿಯಿಂದ ಆ ತುದಿಗೆ ಒಂದು ಕೆಂಪು ಹಗ್ಗ ಇತ್ತು. ಕೈ ಸಿಕ್ಕಿತೋ, ಬಟ್ಟೆ ಸುತ್ತಿತೋ, ಹಗ್ಗ ಎಳೆದರೆ ಸಾಕು, ರೋಲರ್ ನಿಲ್ಲುತ್ತಿತ್ತು. ಗಂಟೆಯೂ ಬಾರಿಸುತ್ತಿತ್ತು. ಮತ್ತೆ ಕಾಯಿಸಿ ಶುರು ಮಾಡಲು ಹತ್ತು ನಿಮಿಷ ಬೇಕು. ಒಳಗಿದ್ದ ಶೀಟಿನ ಮೇಲೆ ಕಂದು ಗೆರೆ ಬಿದ್ದು ಅದು ಮತ್ತೆ ಒಗೆಯಲು ಹೋಗಬೇಕು. ಅಂಜುಬುರುಕಿ ಹತ್ತಿಯಕ್ಕ ದಿನಕ್ಕೆ ಎರಡು ಸಲವಾದರೂ ಎಳೆಯುತ್ತಿದ್ದಳು. ಒಂದು ನೂಲು ಬೆರಳಿಗೆ ತಾಗಿದರೂ ಸಾಕು. ಹಿಂದೆ ಜೋಡಿ ಕೈ ಕಟ್ಟಿ ನಿಲ್ಲಬೇಕಾಗುತ್ತಿತ್ತು, ಸಂಜೆ ಅವರ ರಾಶಿಯೇ ಕಡಿಮೆ ಎಂದು ಬೈಸಿಕೊಳ್ಳುತ್ತಿದ್ದರು. ಕಿಡಿ ಹಲ್ಲು ಕಡಿಯುತ್ತಿದ್ದಳು. ಬೇಕಂತಾನೇ ಮಾಡ್ತಾಳೆ, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ.

ಶನಿವಾರ ಸಂಜೆ ರೋಲರಿನ ಕೆಳಗೆ ಉದ್ದ ಬ್ರಷ್ಷಿನಿಂದ ತೊಳೆಯುತ್ತಿದ್ದರು. ಬ್ರಷ್ಷಿನ ಹಿಡಿ ತಾಗಿ ಹಗ್ಗ ಎಳೆಯಬಾರದೆಂದು ಅದನ್ನು ಗೋಡೆಯ ಕೊಕ್ಕೆಗೆ ಬಿಗಿದು ಕಟ್ಟುವುದು ವಾಡಿಕೆ. ಹಾಗೆ ಕಟ್ಟಿದರೆ ಎಷ್ಟು ಎಳೆದರೂ ಎಳೆತ ಕೊಕ್ಕೆಯಲ್ಲೇ ನಿಲ್ಲುತ್ತದೆ, ಸ್ವಿಚ್ಚಿಗೆ ಮುಟ್ಟುವುದಿಲ್ಲ. ಅದಕ್ಕೆ ಶನಿವಾರದ ಗಂಟು ಅನ್ನುತ್ತಿದ್ದರು. ಹಾಕುವವಳು ದೊಡ್ಡಮ್ಮ. ಸೋಮವಾರ ಎಲ್ಲರಿಗಿಂತ ಮೊದಲು ಬಂದು ಬಿಚ್ಚುವವಳೂ ದೊಡ್ಡಮ್ಮ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮರೆತಿರಲಿಲ್ಲ.

ಆ ಶನಿವಾರ ಅವಳು ಗಂಟು ಬಿಗಿಯುವಾಗ ಕಿಡಿ ಪಕ್ಕದಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಳು. ತುಂಬ ಸಣ್ಣ ದನಿಯಲ್ಲಿ, ಬಹುಶಃ ತಮಾಷೆಗೇ ಇರಬೇಕು, ಹೇಳಿದಳು:

"ಸೋಮವಾರ ಒಂದು ದಿನ ಇದು ಹೀಗೇ ಇದ್ರೆ ಏನಾಗುತ್ತೆ? ಎಳೀತಾಳೆ, ನಿಲ್ಲಲ್ಲ. ಒಂದ್ಸಲ ಎದೆ ಧಸಕ್ಕನ್ನುತ್ತೆ. ಅಷ್ಟೇ."

ಭಾನುವಾರ ಸಭೆಯಲ್ಲಿ ಕೂತಿದ್ದಾಗಲೂ ದೊಡ್ಡಮ್ಮನ ಬೆರಳುಗಳು ಸೆರಗಿನ ತುದಿಯಲ್ಲಿ ಗಂಟು ಹಾಕುತ್ತಿದ್ದವು, ಬಿಚ್ಚುತ್ತಿದ್ದವು.

ಸೋಮವಾರ ಎಂದಿನಂತೆ ಮೊದಲು ಬಂದಳು. ದೀಪಗಳನ್ನು ಹಾಕಿದಳು. ಹಬೆಯ ತಿರುಪು ತೆರೆದಳು. ಕೊಕ್ಕೆಯ ಮುಂದೆ ಹೋಗಿ ನಿಂತಳು. ಎಷ್ಟು ಹೊತ್ತು ನಿಂತಳೋ ಅವಳಿಗೆ ಗೊತ್ತಿಲ್ಲ. ಏನೂ ಮಾಡಲಿಲ್ಲ ಕಣೇ ನಾನು, ಅದೇ ನಾನು ಮಾಡಿದ್ದು ಅಂದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಂಗಸರ ಮಾತು ಕೇಳಿತು. ಅವಳು ತನ್ನ ಜಾಗಕ್ಕೆ ಹೋಗಿ ನಿಂತಳು. ಕಿಡಿ ಬಂದು ಕೊಕ್ಕೆಯ ಕಡೆ ಒಮ್ಮೆ ನೋಡಿ ಎದುರಿಗೆ ನಿಂತಳು. ಆವತ್ತು ಅವಳು ಶೀಟನ್ನು ಫಟ್ ಅನ್ನಿಸಲಿಲ್ಲ. ಹಗುರವಾಗಿ ಎಳೆದಳು, ಹತ್ತಿಯಕ್ಕನ ಹಾಗೆ. ದೊಡ್ಡಮ್ಮನಿಗೆ ಭಯ ಹುಟ್ಟಿದ್ದು ಆಗ.

ಆದರೂ ಏನೂ ಆಗಲಿಲ್ಲ. ಸಂದಿನಲ್ಲಿ ಆ ಎರಡು ಕೈ ಏಳುತ್ತಿದ್ದವು, ಇಳಿಯುತ್ತಿದ್ದವು. ಪ್ರತಿ ಸಲ ಇಳಿದಾಗ ದೊಡ್ಡಮ್ಮ ಉಸಿರು ಹಿಡಿಯುತ್ತಿದ್ದಳು. ಟೀ ಹೊತ್ತಿಗೆ ಬಿಚ್ಚಿಬಿಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಟೀ ಗಂಟೆ ಆಯಿತು. ರೋಲರ್ ನಿಲ್ಲಿಸಿದರು. ಅವಳು ಲೋಟ ಹಿಡಿದು ಕೊಕ್ಕೆಯ ಕಡೆಗೇ ಹೊರಟಿದ್ದಳು. ದಾರಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಹತ್ತಿಯಕ್ಕ ತಲೆ ಎತ್ತಿ ನೋಡಿ, ಎಷ್ಟೋ ವಾರಗಳ ನಂತರ ಮಾತಾಡಿಸಿದಳು.

"ಏನೇ, ಬೀಗರ ಮನೇಲಿ ಊಟಕ್ಕೆ ಕರೀದೆ ಬಿಟ್ಟ ಹಾಗೆ ಮುಖ ಊದಿಸ್ಕೊಂಡಿದೀಯ?"

ಹಳೆಯ ಹತ್ತಿಯಕ್ಕನದೇ ತಮಾಷೆ. ಹಿಂದೆ ಆಗಿದ್ದರೆ ದೊಡ್ಡಮ್ಮ ನಕ್ಕು ಪಕ್ಕದಲ್ಲಿ ಕೂರುತ್ತಿದ್ದಳು. ಆದರೆ ಆಚೆ ಕಿಡಿ ನೋಡುತ್ತಿದ್ದಳು. ಸುತ್ತಲಿದ್ದ ಇಬ್ಬರು ಮೂವರು ನಕ್ಕರು. ಬಿಟ್ಟು ಹೋದವಳೇ ಈಗ ಹೀಗೆ ನಾಲ್ಕು ಜನರ ಮುಂದೆ ಆಡಿಕೊಳ್ಳುತ್ತಾಳೆ ಅನ್ನಿಸಿ ದೊಡ್ಡಮ್ಮನ ಕಿವಿ ಬಿಸಿಯಾಯಿತು. ಲೋಟ ಹಿಡಿದುಕೊಂಡೇ ತಿರುಗಿ ತನ್ನ ಜಾಗಕ್ಕೆ ಬಂದಳು. ಮಧ್ಯಾಹ್ನ ಬಿಚ್ಚಿದರಾಯಿತು.

ಟೀ ಮುಗಿದು ಅರ್ಧ ಗಂಟೆ ಆಗಿರಬೇಕು. ಒದ್ದೆ ಶೀಟಿಗೆ ರೋಗಿಯ ಗೌನೊಂದು ಅಂಟಿಕೊಂಡು ಬಂದಿತ್ತು. ಗೌನಿನ ಹಿಂದೆ ಕಟ್ಟುವ ದಾರ ಹತ್ತಿಯಕ್ಕನ ಬಲಗೈ ಮಣಿಕಟ್ಟಿಗೆ ಸುತ್ತಿಕೊಂಡಿತು. ಶೀಟು ಒಳಗೆ ಹೋಯಿತು, ಗೌನೂ ಹೋಯಿತು. ಸಂದಿನಲ್ಲಿ ದೊಡ್ಡಮ್ಮನಿಗೆ ಕಂಡದ್ದು ಎಡಗೈ ಒಂದೇ. ಅದು ಮೇಲೆದ್ದು ಕೆಂಪು ಹಗ್ಗವನ್ನು ಹಿಡಿಯಿತು. ಎಳೆಯಿತು. ಮತ್ತೆ ಎಳೆಯಿತು. ಕೂಗು ಆಮೇಲೆ ಬಂತು.

ಗೋಡೆಯ ಮೇಲೆ, ದೊಡ್ಡಮ್ಮನ ಬೆನ್ನ ಹಿಂದೆಯೇ, ಮೂರು ಹೆಜ್ಜೆ ದೂರದಲ್ಲಿ ಇಡೀ ಯಂತ್ರದ ದೊಡ್ಡ ಸ್ವಿಚ್ಚು ಇತ್ತು. ಅದು ಅವಳಿಗೆ ಗೊತ್ತಿತ್ತು. ಅವಳು ಆ ಕಡೆ ಹೋಗಲಿಲ್ಲ. ರೋಲರ್ ಸುತ್ತಿ ಹದಿನೈದು ಹೆಜ್ಜೆ ಓಡಿ ಕೊಕ್ಕೆಗೆ ಬಂದಳು.

ಇಲ್ಲಿಗೆ ಬಂದಾಗ ದೊಡ್ಡಮ್ಮ ನನ್ನ ಮುಖ ನೋಡುವುದನ್ನು ಬಿಟ್ಟು ತನ್ನ ಕೈಗಳನ್ನು ನೋಡಿದಳು. "ಯಾಕೆ ಅಂತ ಕೇಳು," ಅಂದಳು. ಆಮೇಲೆ ತಾನೇ ಹೇಳಿದಳು: "ಗಂಟು ಬಿಚ್ಚಿಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಂತ. ಆ ಹೊತ್ತಲ್ಲೂ ತಲೆ ಅಷ್ಟು ಚೆನ್ನಾಗಿ ಓಡ್ತಿತ್ತು."

ಶನಿವಾರ ಬಿಗಿದ ಗಂಟು, ಹಬೆಗೆ ಒದ್ದೆಯಾಗಿ ಒಣಗಿ ಕಲ್ಲಾಗಿತ್ತು. ಉಗುರು ಮುರಿಯಿತು. ಹಲ್ಲು ಹಾಕಿದಳು. ಬಿಚ್ಚಿತು. ಹಗ್ಗ ಸಡಿಲವಾಯಿತು, ಅತ್ತ ಹತ್ತಿಯಕ್ಕನ ಎಡಗೈ ಕೊನೆಯ ಸಲ ಎಳೆಯಿತು. ಗಂಟೆ ಬಾರಿಸಿತು. ರೋಲರ್ ನಿಂತಿತು. ಕಿಡಿ ಅಷ್ಟು ಹೊತ್ತೂ ಅರ್ಧ ಮಡಚಿದ ಶೀಟಿನ ಎರಡು ಮೂಲೆ ಹಿಡಿದು ನಿಂತೇ ಇದ್ದಳು.

ಹತ್ತಿಯಕ್ಕನನ್ನು ಅದೇ ಕಟ್ಟಡದ ಮೇಲಿನ ಮಹಡಿಗೆ ಸಾಗಿಸಿದರು. ಕೈ ಉಳಿಯಿತು, ಮೂರು ಬೆರಳು ಉಳಿಯಲಿಲ್ಲ. ಮೆಕ್ಯಾನಿಕ್ ಬಂದು ಹಗ್ಗವನ್ನು ಹತ್ತು ಸಲ ಎಳೆದು ನೋಡಿದ. ಹತ್ತು ಸಲವೂ ಗಂಟೆ ಬಾರಿಸಿತು. ಗಾಬರಿಯಲ್ಲಿ ಹೊತ್ತಿಗೆ ಸರಿಯಾಗಿ ಎಳೆದಿಲ್ಲ, ವಯಸ್ಸಾಯ್ತಲ್ಲ ಎಂದು ಮೇಸ್ತ್ರಿ ಬರೆದುಕೊಂಡ. ಸುಮ್ಮಸುಮ್ಮನೆ ದಿನಕ್ಕೆರಡು ಸಲ ಎಳೆಯುತ್ತಿದ್ದವಳು ಬೇಕಾದಾಗ ಎಳೆಯಲಿಲ್ಲ ಎಂದು ಹೆಂಗಸರು ಮಾತಾಡಿಕೊಂಡರು. ಮೊದಲೇ ಎಳೆದೆ, ನಿಲ್ಲಲಿಲ್ಲ ಎಂದು ಹತ್ತಿಯಕ್ಕ ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನ ರೋಲರ್ ಮತ್ತೆ ತಿರುಗಿತು. ಕಿಡಿ ನಾಲ್ಕು ಹೆಜ್ಜೆ ಹತ್ತಿರ ಬಂದು, ಅಂಚಿಗೆ ಅಂಚು ಸೇರಿಸಿ, ದೊಡ್ಡಮ್ಮನ ಬೆರಳುಗಳನ್ನು ಶೀಟಿನ ಜೊತೆಗೇ ಒತ್ತಿ ಹಿಡಿದಳು. ಎಷ್ಟೋ ದಿನದಿಂದ ಪ್ರೀತಿಸುವವರ ದನಿ ಅದು.

"ಹೆದರ್ಬೇಡ. ನಾನು ಬಾಯಿ ಬಿಡಲ್ಲ. ನೀನೂ ಬಿಡ್ಬೇಡ. ಇನ್ಮೇಲೆ ನಮ್ಮಿಬ್ಬರ ಜೀವ ಒಂದೇ."

ಕೈ ಬಿಡಿಸಿಕೊಳ್ಳಲು ದೊಡ್ಡಮ್ಮ ಎಳೆದಳು. ಕಿಡಿಯೂ ಎಳೆದಳು. ಶೀಟು ಫಟ್ ಎಂದಿತು. ತಾತ ಗೇಟಿನವರೆಗೆ ನಡೆಸುತ್ತಿದ್ದದ್ದು ಅವಳಿಗೆ ನೆನಪಾದದ್ದು ಆಗಲೇ. ಗೇಟಿನ ಆಚೆ ಏನಿರುತ್ತದೆಂದು ತಾತ ಯಾವತ್ತೂ ತೋರಿಸಿರಲಿಲ್ಲ.

ಮಧ್ಯಾಹ್ನ, ಹೊತ್ತು ಇಳಿಯುವ ಮೊದಲೇ, ಅವಳು ಮಹಡಿ ಹತ್ತಿ ಹೋದಳು. ಹತ್ತಿಯಕ್ಕ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಹಾಸಿದ್ದ ಶೀಟು ಲಾಂಡ್ರಿಯದೇ, ಯಾರು ಮಡಚಿದ್ದೆಂದು ಮಡಿಕೆ ನೋಡಿದರೇ ತಿಳಿಯುತ್ತಿತ್ತು. ಬಟ್ಟೆ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟಿದ್ದರು. ಹತ್ತಿಯಕ್ಕ ಮೊದಲು ಕ್ಷಮೆ ಕೇಳಿದಳು. ಭುಜ ಹೋಗಿತ್ತಂತೆ, ವರ್ಷದಿಂದ. ಶೀಟು ಎತ್ತುವಾಗ ಅರ್ಧ ಭಾರ ದೊಡ್ಡಮ್ಮನ ಮೇಲೇ ಬೀಳುತ್ತಿತ್ತಂತೆ, ಅದಕ್ಕೇ ಮುಂದಿನ ಜಾಗ ಕೇಳಿ ಪಡೆದಿದ್ದಳಂತೆ. ಭುಜದ ವಿಷಯ ಹೊರಗೆ ಬಿದ್ದರೆ ಕೆಲಸ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದಳಂತೆ. ಅಷ್ಟು ಹೇಳಿ ಕೇಳಿದಳು:

"ಹಗ್ಗ ಎಳೆದೆ ಕಣೇ ನಾನು. ನೀನಾದ್ರೂ ನಂಬ್ತೀಯಾ?"

"ಎಳೆದ್ರಿ ಅಕ್ಕ. ನಾನು ನೋಡಿದೆ. ಶನಿವಾರದ ಗಂಟು ನಾನು ಬಿಚ್ಚಿರಲಿಲ್ಲ."

"ಮರೆತ್ಯಾ?"

ಹೌದು ಅನ್ನಲು ಅಲ್ಲಿ ಜಾಗವಿತ್ತು. ಹತ್ತಿಯಕ್ಕ ಆ ಜಾಗವನ್ನು ತಾನೇ ಮಾಡಿಕೊಟ್ಟಿದ್ದಳು.

"ಇಲ್ಲ," ಅಂದಳು ದೊಡ್ಡಮ್ಮ.

ಹತ್ತಿಯಕ್ಕ ಅವಳನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗು ಅಂದಳು. ಆಮೇಲೆ ಬದುಕಿದ್ದ ಆರು ವರ್ಷ ದೊಡ್ಡಮ್ಮನ ಜೊತೆ ಮಾತಾಡಲಿಲ್ಲ.

ದೊಡ್ಡಮ್ಮ ಅಲ್ಲಿಂದ ನೇರ ಮೇಸ್ತ್ರಿಯ ಹತ್ತಿರ ಹೋಗಿ ಎಲ್ಲ ಹೇಳಿದಳು. ಕಿಡಿ ಆಡಿದ ಮಾತನ್ನೂ ಹೇಳಿದಳು. ಕಿಡಿ ಬಂದು, ತಮಾಷೆಗೆ ಅಂದಿದ್ದೆ, ಮಾಡು ಅಂದಿದ್ನಾ ಎಂದು ಎಲ್ಲರೆದುರು ಕೇಳಿದಳು. ಅದು ನಿಜವಾಗಿತ್ತು. ಬರೆದದ್ದನ್ನು ಹೊಡೆದುಹಾಕಿ, ಹಗ್ಗ ಎಳೆದಿದ್ದಳು ಎಂದು ಹೊಸದಾಗಿ ಬರೆದರು. ಹತ್ತಿಯಕ್ಕನ ಮಾತು ಅವಳಿಗೆ ಮರಳಿ ಸಿಕ್ಕಿತು. ದೊಡ್ಡಮ್ಮನ ಕೆಲಸ ಹೋಯಿತು.

ಎರಡು ವಾರದ ಮೇಲೆ ತನ್ನ ಲೋಟ, ಚಪ್ಪಲಿ ತರಲು ಲಾಂಡ್ರಿಗೆ ಹೋದಳು. ಕೊಕ್ಕೆಯನ್ನು ಕಿತ್ತು ಹಾಕಿದ್ದರು. ಗೋಡೆಯಲ್ಲಿ ಎರಡು ತೂತು ಉಳಿದಿತ್ತು. ರೋಲರಿನ ಹಿಂದೆ ಕಿಡಿಯ ಎದುರಿಗೆ ಹೊಸಬಳೊಬ್ಬಳು ನಿಂತಿದ್ದಳು. ದುಂಡು ಮುಖ, ಸೌಮ್ಯ ಕಣ್ಣು. ಅವಳ ಬೆರಳಿಂದ ಅಂಚು ಇನ್ನೂ ಆಗಾಗ ಜಾರುತ್ತಿತ್ತು. ಕಿಡಿ ನೀರು ಕುಡಿಯಲು ಹೋದಾಗ ದೊಡ್ಡಮ್ಮ ಅವಳ ಹತ್ತಿರ ಹೋಗಿ, ಜೋಡಿ ಬದಲಾಯಿಸಿಕೋಮ್ಮ, ಇವತ್ತೇ ಕೇಳು ಅಂದಳು.

ಹೊಸಬಳು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನನ್ನ ಜೋಡಿ ಅಕ್ಕ ಎಲ್ಲ ಹೇಳಿದಾರೆ ನಿಮ್ಮ ವಿಷಯ," ಅಂದಳು.

ದೊಡ್ಡಮ್ಮ ಲೋಟ ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ರಸ್ತೆಗೆ ಬಂದು ಆ ಉದ್ದ ಕಿಟಕಿಯ ಮುಂದೆ ನಡೆಯುವಾಗ ಕೆಳಗಿನಿಂದ ಸದ್ದು ಕೇಳಿಸಿತು. ಫಟ್. ಒಂದು ಗಳಿಗೆ ಬಿಟ್ಟು, ಇನ್ನೊಂದು ಕಡೆಯಿಂದ, ಸ್ವಲ್ಪ ಮೆತ್ತಗೆ, ಫಟ್. ಅವಳು ನಿಂತು ಕೇಳಿದಳು. ಐದಾರು ಶೀಟು ಆಗುವಷ್ಟರಲ್ಲಿ ಎರಡು ಸದ್ದಿನ ನಡುವಿದ್ದ ಅಂತರ ಕಡಿಮೆಯಾಗುತ್ತ ಬಂತು. ಕೊನೆಗೆ ಒಂದೇ ಸದ್ದು ಕೇಳತೊಡಗಿತು.